ರಥಸಪ್ತಮಿ ದಿನ 108 ಸೂರ್ಯನಮಸ್ಕಾರಕ್ಕೆ ಹೋಗಿ ಮಂಡಿ ಊದಿಸ್ಕೊಂಡೆ, ಈಗ ವ್ಯಾಯಾಮ ಮಾಡ್ಬೇಕೋ ಬಿಡ್ಬೇಕೋ?

ಸರಸ್ವತಿಪುರಂ_ಟೀಚರ್ (ಮೈಸೂರು)

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲನೇ ಸಲ ಬರೀತಿದೀನಿ, ಉದ್ದ ಆದ್ರೆ ಬೈಕೋಬೇಡಿ. ನನಗೆ 61, ಮೂವತ್ತೆರಡು ವರ್ಷ ಹೈಸ್ಕೂಲಲ್ಲಿ ನಿಂತ್ಕೊಂಡೇ ಪಾಠ ಮಾಡಿ ರಿಟೈರ್ ಆದೋಳು. ಎರಡು ವರ್ಷದಿಂದ ಬಲ ಮಂಡಿ ನೋವು. ಕೂತು ಎದ್ದ ಮೇಲೆ ಮೊದಲ ನಾಲ್ಕೈದು ಹೆಜ್ಜೆ ಹಿಡ್ಕೊಂಡಂಗಿರುತ್ತೆ, ಆಮೇಲೆ ಸಡಿಲ ಆಗುತ್ತೆ, ಮೆಟ್ಟಿಲು ಹತ್ತೋದಕ್ಕಿಂತ ಇಳಿಯೋದೇ ಹಿಂಸೆ. ಎಕ್ಸ್‌ರೇ ನೋಡಿ ಡಾಕ್ಟ್ರು ಆಸ್ಟಿಯೋಆರ್ಥ್ರೈಟಿಸ್, ಗ್ರೇಡ್ 3, ಸವೆದಿದೆ ಅಂದ್ರು, ಮಾತ್ರೆ ಬರೆದ್ರು, ನೀ ಕ್ಯಾಪ್ ಹಾಕ್ಕೊಳ್ಳಿ ಅಂದ್ರು, ನಾನು ಬಾಗಿಲ ಹತ್ರ ಬಂದಾಗ "ಎಕ್ಸರ್‌ಸೈಜ್ ಮಾಡಿ, ತೂಕ ಇಳಿಸಿ" ಅಂತ ಹಿಂದಿಂದ ಕೂಗಿದ್ರು. ಯಾವ ಎಕ್ಸರ್‌ಸೈಜ್ ಅಂತ ಕೇಳೋಷ್ಟರಲ್ಲಿ ಮುಂದಿನ ಪೇಷಂಟ್ ಒಳಗೆ ಕೂತಾಗಿತ್ತು.

ಆಮೇಲೆ ಶುರುವಾಯ್ತು ನೋಡಿ ಸಲಹೆಗಳು. ನಮ್ಮ ವಾರಗಿತ್ತಿ "ಸವೆದಿರೋದನ್ನ ಇನ್ನೂ ಸವೆಸ್ತೀಯಾ, ಸುಮ್ನೆ ಕಾಲು ಚಾಚ್ಕೊಂಡು ಕೂರು" ಅಂತಾಳೆ. ಮಗ ಕೈಗೊಂದು ವಾಚ್ ಕಟ್ಟಿ ದಿನಾ 10,000 ಹೆಜ್ಜೆ ಆಗ್ಲೇಬೇಕು ಅಂದ. ಪಾರ್ಕಿನ ಗೆಳತಿ ವಜ್ರಾಸನದಲ್ಲಿ ಹತ್ತು ನಿಮಿಷ ಕೂತ್ರೆ ನೋವು ಮಾಯ ಅಂದ್ಲು. ನಾನು ದಡ್ಡಿ, ಒಂದೊಂದು ವಾರ ಒಬ್ಬೊಬ್ಬರ ಮಾತು ಕೇಳ್ದೆ. ಕೊನೆಗೆ ರಥಸಪ್ತಮಿ ದಿನ ಬಡಾವಣೆ ಪಾರ್ಕಲ್ಲಿ 108 ಸೂರ್ಯನಮಸ್ಕಾರ ಇಟ್ಕೊಂಡಿದ್ರು, ಎಲ್ಲರ ಜೊತೆ ಹುಮ್ಮಸ್ಸಲ್ಲಿ ನಿಂತೆ, 36 ಆಗೋ ಹೊತ್ತಿಗೆ ಮಂಡಿ ಒಳಗೆ ಬಿಸಿ ಬಿಸಿ ಅನ್ನಿಸ್ತು, ಪಕ್ಕದೋರು 70 ದಾಟಿದವರು ಮಾಡ್ತಿದಾರೆ ಅಂತ ಮರ್ಯಾದೆಗೆ ಅಂಜಿ 50 ತನಕ ಎಳೆದೆ. ಸಾಯಂಕಾಲಕ್ಕೆ ಮಂಡಿ ಈರನಗೆರೆ ಬದನೆಕಾಯಿ ಥರ ಊದಿತ್ತು. ಇವತ್ತಿಗೆ ಐದು ದಿನ, ಅರ್ಧ ಇಳಿದಿದೆ.

ನನ್ನ ಪ್ರಶ್ನೆ, ನಾನಿನ್ನು ವ್ಯಾಯಾಮ ಮಾಡ್ಬೇಕೋ ಬಿಡ್ಬೇಕೋ? ಆಷಾಢದಲ್ಲಿ ಚಾಮುಂಡಿ ಬೆಟ್ಟ ಮೆಟ್ಟಿಲು ಹತ್ತೋದು ನನ್ನ ಮೂವತ್ತು ವರ್ಷದ ಅಭ್ಯಾಸ, ಹೋದ ವರ್ಷ ತಪ್ಪಿಹೋಯ್ತು, ಈ ವರ್ಷನೂ ಬಸ್ಸೇ ಗತಿನಾ?

ಕುಡ್ಲ_ಕಿರಿಕ್ (ಮಂಗಳೂರು)

ಟೀಚರೇ, ನನ್ನ ಅಮ್ಮನ ಕಥೆಯೂ ಇದೇ, ಮೊಣಗಂಟು ನೋವು. ಯಾರೋ ಮರಳಲ್ಲಿ ಬರಿಗಾಲಲ್ಲಿ ನಡೆದ್ರೆ ಒಳ್ಳೇದು ಅಂತ ಹೇಳಿದ್ರು ಅಂತ ದಿನಾ ಪಣಂಬೂರು ಬೀಚಿಗೆ ಕರ್ಕೊಂಡು ಹೋದೆ, ಒಂದು ವಾರದಲ್ಲಿ ನೋವು ಡಬ್ಬಲ್. ಮರಳು ಹೂತು ಹೋಗ್ತದೆ, ಮತ್ತೆ ಕಡಲ ಬದಿಗೆ ಇಳಿಜಾರು ಬೇರೆ, ಒಂದು ಕಾಲು ಮೇಲೆ ಒಂದು ಕೆಳಗೆ. ಗಟ್ಟಿ ಸಮ ನೆಲವೇ ಒಳ್ಳೇದಂತೆ. ಈಗ ಎಂತ ಮಾಡುದು ಅಂತ ನನಗೂ ಬೇಕಿತ್ತು, ಹಾಗಾಗಿ ಇಲ್ಲೇ ಕೂತಿದ್ದೇನೆ.

ಹುಬ್ಳಿ_ಫಿಸಿಯೋ

ನಮಸ್ಕಾರ್ರಿ ಟೀಚರ್. ನಾನು ಹುಬ್ಬಳ್ಳಿಯೊಳಗ ಫಿಸಿಯೋಥೆರಪಿಸ್ಟ್ ಅದೇನ್ರಿ, ದಿನಾ ಬೆಳಗಾದ್ರ ಮೊಣಕಾಲ ನೋಡೂದ ನನ್ನ ಕೆಲಸ. ಮುಟ್ಟಿ ನೋಡದ ಇಲ್ಲಿಂದ ಹೇಳೂದಕ್ಕ ಒಂದು ಮಿತಿ ಐತಿ, ಅದನ್ನ ತಲ್ಯಾಗ ಇಟ್ಕೊಂಡ ಓದ್ರಿ.

ಮೊದಲ ನಾಕು ಪ್ರಶ್ನೆ. ಮೊಣಕಾಲು ಕೆಂಪಾಗಿ ಸುಡಾಕತ್ತೈತೇನು, ಜ್ವರ ಬಂದಿತ್ತೇನು? ನಡುನಡುವ ಲಾಕ್ ಆಗಿ ಚಾಚಾಕ ಬರದಂಗ ಆಗ್ತೈತೇನು? ಮೀನಖಂಡ ಊದಿ ನೋಯಾಕತ್ತೈತೇನು? ಮುಂಜಾನೆ ಎದ್ದ ಮ್ಯಾಲೆ ಬಿಗಿತ ಅರ್ಧ ತಾಸಿಗಿಂತ ಹೆಚ್ಚು ಇರ್ತೈತೇನು, ಕೈ ಬೆರಳಿನ ಸಂದುಗಳೂ ಬಾವು ಬಂದಾವೇನು? ಇದ್ರಾಗ ಒಂದಕ್ಕ ಹೌದಂದ್ರೂ ವ್ಯಾಯಾಮದ ಮಾತು ಆಮ್ಯಾಲೆ, ಮೊದಲ ಡಾಕ್ಟರ್ ಕಡೆ ಹೋಗ್ರಿ. ಯಾಕಂದ್ರ ಸೋಂಕು, ರಕ್ತ ಹೆಪ್ಪುಗಟ್ಟಿದ್ದು, ರುಮಟಾಯ್ಡ್ ಅನ್ನೂ ಇನ್ನೊಂದು ನಮೂನಿ ಸಂದಿವಾತ ಇವೆಲ್ಲಾ ಬ್ಯಾರೆ ಬ್ಯಾರೆ ಕಥಿ.

ಒಂದೂ ಇಲ್ಲಂದ್ರ ಈಗ ಕೇಳ್ರಿ. ನಿಮ್ಮ ತಪ್ಪು ವ್ಯಾಯಾಮ ಮಾಡಿದ್ದಲ್ಲ, ಒಂದ ದಿನಕ್ಕ 50 ಮಾಡಿದ್ದು. ರೊಟ್ಟಿ ಬಡಿಯಾಕ ಕಲತ ಮೊದಲನೇ ದಿನಾನ ಮದವಿ ಮನಿಗೆ ನೂರು ರೊಟ್ಟಿ ಬಡದ್ರ ರಟ್ಟಿ ಉಳೀತಾವೇನ್ರಿ?

ಸರಸ್ವತಿಪುರಂ_ಟೀಚರ್

ಇಲ್ಲ ಅಮ್ಮ, ನಾಲ್ಕಕ್ಕೂ ಇಲ್ಲ. ಬೆಳಗ್ಗೆ ಬಿಗಿತ ಹತ್ತು ನಿಮಿಷ ಇರುತ್ತೆ, ಹಲ್ಲುಜ್ಜಿ ಕಾಫಿ ಇಡೋಷ್ಟರಲ್ಲಿ ಸರಿ ಹೋಗುತ್ತೆ. ಆದ್ರೆ ಸವೆದಿದೆ ಅಂತ ಎಕ್ಸ್‌ರೇನೇ ಹೇಳ್ತಲ್ಲ? ಸವೆದ ಚಪ್ಪಲೀನ ಹಾಕ್ಕೊಂಡು ಇನ್ನೂ ನಡೆದ್ರೆ ಅಟ್ಟೆ ಕಿತ್ಕೊಂಡು ಬರಲ್ವಾ?

ಹುಬ್ಳಿ_ಫಿಸಿಯೋ

ಇದ ನೋಡ್ರಿ, ಈ ಚಪ್ಪಲಿ ಮಾತು ನಮ್ಮ ಮಂದಿಗೆ ಭಾಳ ನುಕ್ಸಾನ ಮಾಡೇತಿ. ಚಪ್ಪಲಿ ಸತ್ತ ಚರ್ಮ, ಮೊಣಕಾಲು ಜೀವ ಇರೂದು. ಕಾರ್ಟಿಲೇಜ್ ಅಂದ್ರ ಸಂದಿನೊಳಗ ಎಲುಬಿನ ತುದಿಗೆ ಇರೂ ನುಣುಪು ಪದರ, ಅದಕ್ಕ ರಕ್ತನಾಳ ಇಲ್ಲ, ನರನೂ ಇಲ್ಲ. ಅದಕ್ಕ ಊಟ ಸಿಗೂದು ಸಂದಿನೊಳಗಿನ ದ್ರವದಿಂದ, ಕಾಲು ಊರಿದಾಗ ಹಿಂಡಿ ಹೊರಗ, ಎತ್ತಿದಾಗ ಹೀರಿ ಒಳಗ, ಪಾತ್ರಿ ತಿಕ್ಕೂ ಸ್ಪಂಜ್ ಇದ್ದಂಗ. ಕಾಲು ಚಾಚಿ ತಿಂಗಳಗಟ್ಲೆ ಕುಂತ್ರ ಆ ಹಿಂಡೂದು ಹೀರೂದು ನಿಂತ ಹೋಗ್ತೈತಿ, ತೊಡಿ ಸ್ನಾಯು ಕರಗ್ತೈತಿ, ಆಮ್ಯಾಲೆ ಎದ್ದ ದಿನ ಇಡೀ ಭಾರ ಸಂದಿನ ಮ್ಯಾಲೆ ಬೀಳತೈತಿ. ನಿಮ್ಮ ವಾರಗಿತ್ತಿಯವರಿಗೆ ಇಷ್ಟು ಹೇಳ್ರಿ.

ಇನ್ನ ಗ್ರೇಡ್. 1957ರಾಗ ಕೆಲ್‌ಗ್ರೆನ್, ಲಾರೆನ್ಸ್ ಅನ್ನೂ ಇಬ್ಬರು ಇಂಗ್ಲೆಂಡಿನ ಡಾಕ್ಟರು ಎಕ್ಸ್‌ರೇ ನೋಡಿ 0ಯಿಂದ 4ರ ತನಕ ನಂಬರ್ ಕೊಡೂ ಪದ್ಧತಿ ಮಾಡಿದ್ರು, ಇವತ್ತಿಗೂ ಅದ ನಡದೈತಿ. ಅದು ಎಲುಬಿನ ಚಿತ್ರದ ನಂಬರ್, ನಿಮ್ಮ ನೋವಿನ ನಂಬರ್ ಅಲ್ಲ. ಗ್ರೇಡ್ 4 ಇದ್ದು ಹೊಲಕ್ಕ ಹೋಗಿ ಬರೂ ಅಜ್ಜಿ ನನ್ನ ಕಡೆ ಬರ್ತಾರ, ಗ್ರೇಡ್ 2 ಇದ್ದು ಮೆಟ್ಲ ಇಳಿಯಾಕ ಅಳೂ ಮಂದೀನೂ ಬರ್ತಾರ.

ಸೈಲೆಂಟ್_ರೀಡರ್_ಬೆಂಗಳೂರು

ವರ್ಷದಿಂದ ಬರೀ ಓದ್ತಿದ್ದೆ, ಇವತ್ತು ಬರೀತಿದೀನಿ. ನಮ್ಮಪ್ಪಂಗೆ 66, ಒಬ್ರು ದೂರ್ಬೀನು ಹಾಕಿ ಮಂಡಿ ಒಳಗೆ ತೊಳೆದು ಕ್ಲೀನ್ ಮಾಡಿಸಿ ಅಂದಿದ್ರು. ಓದಿ ನೋಡಿದ್ರೆ 2002ರಲ್ಲೇ ಅಮೆರಿಕದಲ್ಲಿ 180 ಜನರ ಮೇಲೆ ಪರೀಕ್ಷೆ ಮಾಡಿದಾರೆ, ಕೆಲವರಿಗೆ ನಿಜವಾಗಿ ಕ್ಲೀನ್ ಮಾಡಿದ್ರು, ಕೆಲವರಿಗೆ ಬರೀ ಚರ್ಮದ ಮೇಲೆ ಸಣ್ಣ ಗಾಯ ಮಾಡಿ ಹೊಲಿಗೆ ಹಾಕಿ ಕಳಿಸಿದ್ರು, ಎರಡು ವರ್ಷ ಆದ್ಮೇಲೂ ಎರಡೂ ಗುಂಪಿಗೆ ನೋವು ಹೆಚ್ಚು ಕಮ್ಮಿ ಒಂದೇ! ಅದನ್ನ ಓದಿ ನಾವು ಎದ್ದು ಬಂದ್ವಿ. ಆದ್ರೆ ಎಕ್ಸರ್‌ಸೈಜ್ ಮಾತ್ರ ಅಪ್ಪ ಮೂರು ದಿನ ಮಾಡಿ ಬಿಟ್ರು, ನೋವಾಯ್ತು ಅಂತ. ನೋವಾದ್ರೆ ನಿಲ್ಲಿಸ್ಬೇಕು ತಾನೇ?

ಹುಬ್ಳಿ_ಫಿಸಿಯೋ

ಇಲ್ರೀ, ಇಲ್ಲೇ ಎಲ್ಲಾರೂ ಎಡವೂದು. ಸೊನ್ನೆಯಿಂದ ಹತ್ತರ ತನಕ ಮನಸಿನ್ಯಾಗ ಒಂದು ಅಳತಿಪಟ್ಟಿ ಇಟ್ಕೊಳ್ರಿ. ಸೊನ್ನೆ ಅಂದ್ರ ನೋವ ಇಲ್ಲ, ಹತ್ತು ಅಂದ್ರ ತಡಿಯಾಕ ಆಗೂದಿಲ್ಲ. ವ್ಯಾಯಾಮ ಮಾಡುವಾಗ 2ರ ತನಕ ಚಿಂತಿ ಇಲ್ಲ, 5ರ ತನಕ ನಡೀತೈತಿ, ಅದರ ಮ್ಯಾಲೆ ಹೋದ್ರ ಕಮ್ಮಿ ಮಾಡ್ರಿ. ಆದ್ರ ನಿಜವಾದ ಪರೀಕ್ಷಾ ಮರುದಿನ ಮುಂಜಾನೆ. ಎದ್ದಾಗ ನೋವು ನಿನ್ನೆ ಮುಂಜಾನೆ ಇದ್ದಷ್ಟ ಐತಿ, ಊತ ಹೆಚ್ಚಾಗಿಲ್ಲ ಅಂದ್ರ ನಿನ್ನೆ ಮಾಡಿದ್ದು ನಿಮಗ ಹೊಂದೇತಿ ಅಂತ ಅರ್ಥ. ಹೆಚ್ಚಾಗೈತಿ ಅಂದ್ರ ಇವತ್ತ ಅರ್ಧ ಮಾಡ್ರಿ, ಪೂರ್ತಿ ಬಿಡಬ್ಯಾಡ್ರಿ. ನಿಮ್ಮ ಅಪ್ಪಾಜಿಯವರು ಮಾಡುವಾಗಿನ ನೋವು ನೋಡಿ ಬಿಟ್ರು, ಮರುದಿನದ ನೋವು ಕೇಳಲೇ ಇಲ್ಲ. ಮತ್ತ ಮೂರು ದಿನಕ್ಕ ಏನೂ ಆಗೂದಿಲ್ರಿ, ಫರಕ್ ಕಾಣಾಕ ಆರರಿಂದ ಎಂಟು ವಾರರೆ ಬೇಕು.

ಟೀಚರ್, ನಿಮಗ ಈ ವಾರ ಊತ ಇರೂತನಕ ಎರಡ ಕೆಲಸ. ಕಾಲು ಚಾಚಿ ಕುಂತು ಮೊಣಕಾಲ ಕೆಳಗ ಸುತ್ತಿದ ಟವೆಲ್ ಇಟ್ಟು ಅದನ್ನ ಕೆಳಗ ಒತ್ರಿ, ತೊಡಿ ಬಿಗಿ ಆಗ್ತೈತಿ, ಐದು ಎಣಿಸಿ ಬಿಡ್ರಿ, ಹತ್ತು ಸಲ. ಆಮ್ಯಾಲೆ ಹಿಮ್ಮಡಿ ಜಾರಿಸ್ಕೋತ ಕಾಲು ಮಡಚೂದು ಚಾಚೂದು, ಎಷ್ಟು ಸರಾಗ ಬರ್ತೈತೋ ಅಷ್ಟ. ಊತಕ್ಕ ತೆಳು ಬಟ್ಟಿಯೊಳಗ ಐಸ್ ಸುತ್ತಿ 10–15 ನಿಮಿಷ. ಉಸಿರು ಹಿಡೀಬ್ಯಾಡ್ರಿ, ಬಿಪಿ ಏರ್ತೈತಿ.

ಯೋಗ_ಶಿವಮೊಗ್ಗ

ಒಂದು ಮಾತು. ಯೋಗದ ತಲೆ ಮೇಲೆ ತಪ್ಪು ಹೊರಿಸೋದು ಈಗ ಫ್ಯಾಷನ್ ಆಗಿಬಿಟ್ಟಿದೆ. ನಾನು ಇಪ್ಪತ್ತು ವರ್ಷದಿಂದ ಹೇಳಿಕೊಡ್ತಿದೀನಿ, ಮಂಡಿ ನೋವಿರೋರಿಗೆ ಯೋಗದಿಂದ ಒಳ್ಳೇದಾಗಿದ್ದನ್ನ ಕಣ್ಣಾರೆ ನೋಡಿದೀನಿ. ವಜ್ರಾಸನ ಜೀರ್ಣಕ್ಕೆ ಅಂತ ಊಟ ಆದ್ಮೇಲೆ ಹಿರಿಯರು ಕೂರ್ತಿದ್ದಿದ್ದು, ಅದೇನು ವಿಷ ಅಲ್ಲ.

ಹುಬ್ಳಿ_ಫಿಸಿಯೋ

ವಿಷ ಅಂತ ಯಾರೂ ಅಂದಿಲ್ಲ ಸರ್. ಆದ್ರ ವಜ್ರಾಸನದಾಗ ಮೊಣಕಾಲು ಪೂರ್ತಿ ಮಡಚಿ ಅದರ ಮ್ಯಾಲೆ ಮೈ ಭಾರ ಕುಂದ್ರತೈತಿ, ಸಂದಿನೊಳಗ, ಚಿಪ್ಪಿನ ಹಿಂದ ಒತ್ತಡ ಹೆಚ್ಚು. ಸಣ್ಣಂದಿನಿಂದ ರೂಢಿ ಇದ್ದು ನೋವಿಲ್ಲದವರು ಕುಂದ್ರಲಿ. ಊದಿದ ಮೊಣಕಾಲಿನವರಿಗೆ ಅದನ್ನ ಔಷಧ ಅಂತ ಹೇಳಿದ್ರ ನಾನು ಒಪ್ಪೂದಿಲ್ಲ.

ಯೋಗ_ಶಿವಮೊಗ್ಗ

ಸರಿ, ಊತ ಇದ್ದಾಗ ಬೇಡ ಅನ್ನೋದು ನಂಗೂ ಒಪ್ಪಿಗೆ. ನನ್ನ ಕ್ಲಾಸಲ್ಲೂ 55 ದಾಟಿದವರಿಗೆ ನಾನು ಕುರ್ಚಿ ಹಾಕ್ತೀನಿ, ಅದನ್ನ ಮೊದಲೇ ಹೇಳ್ಬೇಕಿತ್ತು, ಸ್ವಲ್ಪ ಸಿಟ್ಟಲ್ಲಿ ಬರೆದೆ. ಟೀಚರ್, ಸೂರ್ಯನಮಸ್ಕಾರದಲ್ಲಿ ನಿಮ್ಮ ಮಂಡಿಗೆ ಏಟು ಬಿದ್ದಿರೋದು ಬಹುಶಃ ಅಶ್ವಸಂಚಲನದಲ್ಲಿ, ಒಂದು ಕಾಲು ಹಿಂದೆ ಎಸೆದು ಮಂಡಿ ನೆಲಕ್ಕೆ ಊರ್ತೀವಲ್ಲ, ಒಂದು ಸುತ್ತಿಗೆ ಎರಡು ಸಲ, ಅದೂ ಪಾರ್ಕಿನ ಕಲ್ಲುಹಾಸಿನ ಮೇಲೆ ತೆಳು ಚಾಪೆಲಿ. ಮುಂದೆ ಮಾಡೋದಿದ್ರೆ ಕುರ್ಚಿ ಹಿಡ್ಕೊಂಡು, ನಿಂತು ಮಾಡೋ ತಾಡಾಸನ, ಅರ್ಧ ಮಾತ್ರ ಬಗ್ಗೋ ಕುರ್ಚಿ ಉತ್ಕಟಾಸನ, ಅಂಗಾತ ಮಲಗಿ ಸೊಂಟ ಎತ್ತೋ ಸೇತುಬಂಧ, ಇಷ್ಟು ಸಾಕು. ಪದ್ಮಾಸನದ ಆಸೆ ಬಿಡಿ, ಪ್ರಾಣಾಯಾಮಕ್ಕೆ ಕುರ್ಚಿ ಮೇಲೆ ಬೆನ್ನು ನೆಟ್ಟಗೆ ಇಟ್ಟು ಕೂತ್ರೂ ಉಸಿರು ಅದೇ ಉಸಿರು.

ಮದ್ದೂರ್_ಹುಡ್ಗ

ಎಲ್ರೂ ಪಾರ್ಕು ವಾಚು ಅಂತಿದೀರ, ನಮ್ಮವ್ವನ್ ಕತೆ ಕೇಳಿ. 57, ಎರಡು ಸೀಮೆ ಹಸ ಅವೆ, ಬೆಳಗೆದ್ದು ಕುಕ್ಕರುಗಾಲಲ್ಲಿ ಕೂತು ಹಾಲು ಕರೀಬೇಕು, ಹುಲ್ಲು ಹೊರೆ ಹೊರಬೇಕು, ಡೈರಿಗೆ ಹೋಗ್ಬೇಕು. ರೆಸ್ಟ್ ತಗೊಳಿ ಅಂತವ್ರೆ, ರೆಸ್ಟ್ ತಗೊಂಡ್ರೆ ಹಾಲು ಯಾರು ಕರೀತಾರೆ? ಎಕ್ಸಸೈಜ್ ಮಾಡಿ ಅಂದ್ರೆ ಅವ್ವ ನಗಾಡ್ತಾಳೆ, ದಿನಾ ಮಾಡ್ತಿರೋದು ಇನ್ನೇನ್ಲಾ ಅಂತಾಳೆ. ಅದೂ ದಿಟ ಅಲ್ವಾ?

ಹುಬ್ಳಿ_ಫಿಸಿಯೋ

ತಮ್ಮಾ, ಅವ್ವಾರು ನಕ್ಕಿದ್ರಾಗ ತಪ್ಪಿಲ್ಲ. ಆದ್ರ ದುಡಿಮಿ ಬ್ಯಾರೆ, ವ್ಯಾಯಾಮ ಬ್ಯಾರೆ. ದುಡಿಮಿ ಮೈಯಿಂದ ತಗೋತೈತಿ, ಎಷ್ಟು ಅಂತ ಲೆಕ್ಕ ಇಲ್ಲ, ನೋವಾತಂದ್ರ ನಿಲ್ಸಾಕ ಹಸು ಬಿಡೂದಿಲ್ಲ. ವ್ಯಾಯಾಮ ಅಂದ್ರ ಬೇಕಾದ ಸ್ನಾಯುವಿಗೆ ಬೇಕಾದಷ್ಟ ಕೆಲಸ, ಆಮ್ಯಾಲೆ ವಿಶ್ರಾಂತಿ. ಮೊದಲ ಕುಕ್ಕರುಗಾಲು ತಪ್ಪಿಸ್ರಿ, ಒಂದು ಗಟ್ಟಿ ಮಣೆನೋ ಗಿಡ್ಡ ಸ್ಟೂಲೋ ಕೊಡ್ರಿ, ಎತ್ತರ ಆದಷ್ಟೂ ಚಲೋ. ಹುಲ್ಲಿನ ಹೊರಿ ಒಮ್ಮೆ ತರೂದನ್ನ ಎರಡು ಸಲ ಮಾಡ್ರಿ, ನೀವೂ ಒಂದ ಹೊರ್ರಿ.

ರಾತ್ರಿ ಟಿವಿ ಮುಂದ ಕುರ್ಚಿಯೊಳಗ ಕುಂತಾಗ ಕಾಲು ನೆಟ್ಟಗ ಚಾಚಿ ಐದು ಎಣಿಸಿ ಇಳಿಸೂದು, ಒಂದೊಂದು ಕಾಲಿಗೆ ಹತ್ತು. ಸೀರಿಯಲ್ ನಡುಕ ಅಡ್ವರ್ಟೈಸ್ಮೆಂಟ್ ಬಂದಾಗ ಮಾಡ್ರಿ ಅಂದ್ರ ಯಾರೂ ಮರೆಯೂದಿಲ್ಲ, ನನ್ನ ಅನುಭವ. ಎರಡು ವಾರಕ್ಕ ಹಗುರ ಅನಿಸಿದ್ರ ಬಟ್ಟಿ ಚೀಲದಾಗ ಅರ್ಧ ಕಿಲೋ ರಾಗಿ ತುಂಬಿ ಕಣಕಾಲಿಗೆ ಕಟ್ರಿ. ಅಂಗಡಿಯ ವೇಟ್ ಕಫ್ ಬ್ಯಾಡ.

ಮದ್ದೂರ್_ಹುಡ್ಗ

ಸ್ಟೂಲ್ ತಂದೆ ಅಕ್ಕ. ಅವ್ವ ಕೂತಳು, ಹಸ ಒದ್ದು ಬಕೆಟ್ ಬೀಳಿಸ್ತು. ಅದ್ಕೆ ಹೊಸಬ್ರು ಬಂದಂಗಾಯ್ತೇನೋ 😀

ಬೆಣ್ಣೆದೋಸೆ_ದಾವಣಗೆರೆ

ನಂಗೆ 59, ಶುಗರ್ ಹತ್ತು ವರ್ಷದಿಂದ, ಬಿಪಿನೂ ಐತೆ. ನಾನು ವಾಕಿಂಗ್ ಹೋಗೋಕೆ ಮುಂಚೆ ಒಂದು ನೋವಿನ ಮಾತ್ರೆ ನುಂಗಿ ಹೋಗ್ತೀನಿ, ಐದು ಕಿಲೋಮೀಟರ್ ಆರಾಮಾಗಿ ನಡೀತೀನಿ, ರಾತ್ರಿ ಮಾತ್ರ ಪ್ರಾಣ ಹೋಗುತ್ತೆ. ಆಮೇಲೆ ಬಿಸಿನೀರಿನ ಬ್ಯಾಗ್ ಇಟ್ಕೊಂಡು ಮಲಗ್ತೀನಿ. ಏನ್ ತಪ್ಪು ಮಾಡ್ತಿದೀನಿ ಹೇಳಿ.

ಹುಬ್ಳಿ_ಫಿಸಿಯೋ

ಸಿಟ್ಟಾಗಬ್ಯಾಡ್ರಿ ಸರ್, ಮೂರೂ ತಪ್ಪು. ಮಾತ್ರಿ ನುಂಗಿ ನಡೆಯೂದಂದ್ರ ಸ್ಪೀಡೋಮೀಟರ್ ಮ್ಯಾಲೆ ಬಟ್ಟಿ ಮುಚ್ಚಿ ಗಾಡಿ ಓಡಿಸಿದಂಗ, ಎಲ್ಲಿ ನಿಲ್ಲಬೇಕು ಅನ್ನೂದ ಗೊತ್ತಾಗೂದಿಲ್ಲ. ಶುಗರ್ ಬಿಪಿ ಇದ್ದವರು ಆ ನಮೂನಿ ಮಾತ್ರಿ ದಿನಾ ನುಂಗಿದ್ರ ಕಿಡ್ನಿಗೆ ಪೆಟ್ಟು, ಬಿಪಿನೂ ಏರ್ತೈತಿ, ನಿಮ್ಮ ಡಾಕ್ಟರಿಗೆ ಇದನ್ನ ಮುಚ್ಚಿಡದ ಹೇಳ್ರಿ. ಮ್ಯಾಲೆ ಹಚ್ಚೂ ಡೈಕ್ಲೋಫೆನಾಕ್ ಜೆಲ್ ಆಗ್ತೈತೇನು ಅಂತ ಅವರನ್ನ ಕೇಳ್ರಿ.

ಐದು ಕಿಲೋಮೀಟರ್ ಒಮ್ಮೆಲೆ ಬ್ಯಾಡ, ಹದಿನೈದು ನಿಮಿಷದ್ದು ಮೂರು ಸಲ ನಡೀರಿ, ಮರುದಿನದ ನಿಯಮ ನೋಡಿ ಏರಿಸ್ರಿ. ಶುಗರ್ ಇದ್ದವರಿಗೆ ಪಾದ ಜೋಮು ಇದ್ದಿದ್ರ ಬಿಸಿ ಚೀಲ ಚರ್ಮ ಸುಟ್ರೂ ಗೊತ್ತಾಗೂದಿಲ್ಲ, ಇಟ್ಕೊಂಡು ನಿದ್ದಿ ಮಾಡೂದಂತೂ ಬ್ಯಾಡಾಬ್ಯಾಡ. ಶೂ ಹಾಕ್ಕೊಂಡ ನಡೀರಿ, ಬಂದು ಪಾದ ತಿರುವಿ ನೋಡ್ರಿ. ಇನ್ಸುಲಿನ್ ತಗೋತಿದ್ರ ಕಿಸೆದಾಗ ಎರಡು ಪೆಪ್ಪರ್‌ಮಿಂಟ್ ಇರಲಿ. ಎದಿ ನೋವು, ತಲಿ ಸುತ್ತು ಬಂದ್ರ ಅಲ್ಲೇ ನಿಂದ್ರೂದು.

ಬೆಣ್ಣೆದೋಸೆ_ದಾವಣಗೆರೆ

ಬೆಣ್ಣೆ ದೋಸೆ ಬಗ್ಗೆ ಏನೂ ಹೇಳ್ಲಿಲ್ವಲ್ಲ, ಸದ್ಯ 😅

ಹುಬ್ಳಿ_ಫಿಸಿಯೋ

ಹೇಳತೇನಿ ತಡೀರಿ. ಒಂದು ಕಿಲೋ ತೂಕ ಇಳಿದ್ರ ಒಂದೊಂದು ಹೆಜ್ಜಿಗೂ ಮೊಣಕಾಲಿನ ಮ್ಯಾಲಿನ ಭಾರ ಸುಮಾರು ನಾಕು ಕಿಲೋ ಕಮ್ಮಿ ಅಂತ ಅಳದು ನೋಡ್ಯಾರ. ಐದು ಕಿಲೋ ಇಳಿಸಿದ್ರ ಇಪ್ಪತ್ತು. ದಿನಕ್ಕ ನೀವು ಎಷ್ಟು ಹೆಜ್ಜಿ ಇಡತೀರಿ, ಗುಣಾಕಾರ ನೀವ ಮಾಡ್ರಿ. ದ್ವಾಸಿ ತಿನ್ರಿ, ಮ್ಯಾಲಿನ ಬೆಣ್ಣಿ ಉಂಡಿ ಮಂದಿಗೆ ಕೊಡ್ರಿ.

ಸಂಧಿಸಂಜೀವಿನಿ_99

ಎಲ್ಲಾ ವೇಸ್ಟ್. ನಮ್ಮ ಪುಡಿ 40 ದಿನ ತಗೊಂಡ್ರೆ ಸವೆದ ಕಾರ್ಟಿಲೇಜ್ ಮತ್ತೆ ಬೆಳೆಯುತ್ತೆ, ವ್ಯಾಯಾಮನೇ ಬೇಡ. ಇನ್‌ಬಾಕ್ಸ್‌ಗೆ ಬನ್ನಿ.

ಅಡ್ಮಿನ್

ಮೇಲಿನ ಖಾತೆ ಬ್ಲಾಕ್ ಆಗಿದೆ, ಪೋಸ್ಟ್ ಮಾತ್ರ ಬೇಕಂತಲೇ ಉಳಿಸಿದೀನಿ, ಮಾತು ಹೆಂಗಿರುತ್ತೆ ಅಂತ ಎಲ್ಲರೂ ನೋಡ್ಲಿ. ಲೇಬಲ್ ಇಲ್ಲದ ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿ ಸಿಕ್ಕಿಬಿದ್ದಿರೋದು ಎಷ್ಟೋ ಸಲ ಆಗಿದೆ. ಒಂದು ವಾರ ನೋವು ಮಾಯ ಆಗೋದು ಅದಕ್ಕೇ, ಆಮೇಲೆ ಶುಗರ್ ಏರುತ್ತೆ, ಮುಖ ಊದುತ್ತೆ.

ಕೋಪನ್‌ಹೇಗನ್_ಕನ್ನಡತಿ

ನಾನು ಮೂಲ ತುಮಕೂರು, ಹನ್ನೊಂದು ವರ್ಷದಿಂದ ಡೆನ್ಮಾರ್ಕಲ್ಲಿದೀನಿ. ನಂಗೆ 54, ಎಡ ಮಂಡಿ. ಇಲ್ಲಿ ಡಾಕ್ಟ್ರು ಮಾತ್ರೆಗಿಂತ ಮುಂಚೆ ಗ್ಲಾಡ್ ಅನ್ನೋ ಕ್ಲಾಸಿಗೆ ಹಾಕಿದ್ರು. ಡ್ಯಾನಿಷಲ್ಲೂ ಗ್ಲಾಡ್ ಅಂದ್ರೆ ಖುಷಿ ಅಂತಾನೇ, ಹೆಸರು ಕೇಳಿ ನಗು ಬಂತು. 2013ರಲ್ಲಿ ಓಡೆನ್ಸೆ ಊರಲ್ಲಿರೋ ಸದರ್ನ್ ಡೆನ್ಮಾರ್ಕ್ ಯೂನಿವರ್ಸಿಟಿಯವರು ಶುರು ಮಾಡಿದ್ದು, ಈಗ ಬೇರೆ ದೇಶಗಳಲ್ಲೂ ನಡೀತಿದೆ. ಮೊದಲು ಎರಡು ದಿನ ಬರೀ ಪಾಠ, ಈ ಕಾಯಿಲೆ ಏನು, ನೋವು ಯಾಕೆ ಅಂತ. ಆಮೇಲೆ ವಾರಕ್ಕೆರಡು ಸಲ ಆರು ವಾರ, ಒಟ್ಟು 12 ಕ್ಲಾಸ್. ಅಲ್ಲಿ ಯಂತ್ರ ಗಿಂತ್ರ ಏನಿಲ್ಲ ರೀ, ಒಂದು ಕುರ್ಚಿ, ಒಂದು ಮೆಟ್ಟಿಲು, ಒಂದು ರಬ್ಬರ್ ಪಟ್ಟಿ, ಒಂದು ಕನ್ನಡಿ. ಕನ್ನಡಿ ಯಾಕೆ ಅಂದ್ರೆ, ಕೂತು ಏಳುವಾಗ ನನ್ನ ಮಂಡಿ ಒಳಗಡೆಗೆ ವಾಲ್ತಿತ್ತು, ನಂಗೇ ಗೊತ್ತಿರ್ಲಿಲ್ಲ. ಮಂಡಿ ಪಾದದ ನೇರಕ್ಕೆ ಬರ್ಬೇಕು ಅನ್ನೋದೊಂದನ್ನೇ ಆರು ವಾರ ತಿದ್ದಿದ್ರು, ನಮ್ಮ ಭರತನಾಟ್ಯದ ಟೀಚರ್ ಅರಮಂಡಿ ತಿದ್ದಿದಂಗೆ.

ಇಲ್ಲಿನ ಡಾಕ್ಟ್ರುಗಳೆಲ್ಲ ದೇವ್ರು ಅಂತ ಅಂದ್ಕೋಬೇಡಿ, ಅಪಾಯಿಂಟ್‌ಮೆಂಟ್‌ಗೆ ಕಾದು ಕಾದು ಸಾಕಾಗುತ್ತೆ. ಆದ್ರೆ ಒಂದು ಅಳತೆ ಹೇಳ್ಕೊಟ್ರು, ನೀವೂ ಮಾಡಿ. ಕೈ ಎದೆಗೆ ಕಟ್ಕೊಂಡು 30 ಸೆಕೆಂಡಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ಕೂರ್ತೀರ ಅಂತ ಎಣಿಸಿ ಬರೆದಿಡಿ. ನಂದು ಮೊದಲ ದಿನ 9, ಕೊನೇ ದಿನ 14. ತೂಕದ ಮೆಷಿನ್ ನೋಡಿ ಅಳೋದಕ್ಕಿಂತ ಈ ನಂಬರ್ ನೋಡೋದು ವಾಸಿ.

ಸರಸ್ವತಿಪುರಂ_ಟೀಚರ್

ಮಾಡ್ದೆ. 6. ಅದೂ ಕೊನೇದಕ್ಕೆ ಕುರ್ಚಿ ಕೈ ಹಿಡ್ಕೊಂಡೆ, ಹಂಗಾಗಿ ಐದೂವರೆ ಅನ್ನಿ. ನನ್ನ ಹತ್ರ ಓದಿದ ಮಕ್ಕಳಿಗೆ ಇಂಥ ಮಾರ್ಕ್ಸ್ ಬಂದಿದ್ರೆ ಪೇರೆಂಟ್ಸ್ ಕರೆಸ್ತಿದ್ದೆ.

ಹುಬ್ಳಿ_ಫಿಸಿಯೋ

ಅಡ್ಡಿಯಿಲ್ರಿ, ಬುನಾದಿ ಸಿಕ್ಕಿತಲ್ಲ. ಊತ ಇಳಿದ ಮ್ಯಾಲೆ ಹಿಂಗ ಮಾಡ್ರಿ. ಕುರ್ಚಿ ಗ್ವಾಡಿಗೆ ತಾಗಿಸಿ ಇಡ್ರಿ, ಪ್ಲಾಸ್ಟಿಕ್ ಕುರ್ಚಿ ಬ್ಯಾಡ ಜಾರ್ತೈತಿ, ಮ್ಯಾಲೆ ಒಂದು ದಿಂಬು ಹಾಕಿ ಎತ್ತರ ಮಾಡ್ರಿ. ಏಳೂದು ಸಾವಕಾಶ, ಕುಂದ್ರೂದು ಅದಕ್ಕಿಂತ ಸಾವಕಾಶ, ದಪ್ ಅಂತ ಬೀಳಬ್ಯಾಡ್ರಿ, ಇಳಿಯುವಾಗ ತೊಡಿ ಮಾಡೂ ಕೆಲಸಾನ ಮುಂದ ಮೆಟ್ಲ ಇಳಿಯಾಕ ಬೇಕಾಗೂದು. ಎಂಟು ಸಲ, ನಡುಕ ವಿಶ್ರಾಂತಿ, ಮತ್ತ ಎಂಟು. ವಾರಕ್ಕ ಮೂರು ದಿನ ಸಾಕು. ಸರಾಗ ಆತಂದ್ರ ದಿಂಬು ತಗೀರಿ. ಅಡಗಿಮನಿ ಕಟ್ಟಿ ಹಿಡ್ಕೊಂಡು ಹಿಮ್ಮಡಿ ಎತ್ತಿ ಇಳಿಸೂದು ಹತ್ತು, ಹಾಲು ಉಕ್ಕಾಕ ಕಾಯ್ತಿರ್ತೀರಲ್ಲ ಆವಾಗ. ಮಗ್ಗಲಾಗಿ ಮಲಗಿ ಮ್ಯಾಲಿನ ಕಾಲು ನೆಟ್ಟಗ ಎತ್ತೂದು ಹತ್ತು, ಇದು ಸೊಂಟದ ಪಕ್ಕದ ಸ್ನಾಯುವಿಗೆ, ನಡಿಗಿ ವಾಲಾಡೂದು ಕಮ್ಮಿ ಆಗ್ತೈತಿ.

ವಾಚು ಮಗಗ ವಾಪಸ್ ಕೊಡ್ರಿ. 10,000 ಅನ್ನೂದು ದೇವರ ಮಾತಲ್ಲ. ಈಗ ಎಷ್ಟು ನಡದ್ರ ಮರುದಿನ ಆರಾಮ ಇರ್ತೀರಿ ಅಲ್ಲಿಂದ ಶುರು ಮಾಡ್ರಿ, 2,500 ಇದ್ರ 2,500. ನಡಿಯಾಕ ಕೋಲು ಹಿಡಿಯೂದಾದ್ರ ನೋವಿನ ಕಾಲಿನ ಬಾಜು ಅಲ್ಲ, ಎದುರಿನ ಕೈಯಾಗ. ಬಲ ಮೊಣಕಾಲು ಅಂದ್ರ ಎಡಗೈ. ನೂರಕ್ಕ ತೊಂಬತ್ತು ಮಂದಿ ಉಲ್ಟಾ ಹಿಡೀತಾರ ಅಂತ ನನಗ ಅನಸ್ತೈತಿ.

ಕುಡ್ಲ_ಕಿರಿಕ್ (ಮಂಗಳೂರು)

ಹೋ, ನನ್ನ ಅಮ್ಮ ಉಲ್ಟಾವೇ! ಈಗ ಬದಲಾಯಿಸಿದೆ. ಮತ್ತೆ ಈಜುಕೊಳ ಹೇಗೆ? ಅಮ್ಮನಿಗೆ ಈಜು ಬರುದಿಲ್ಲ, ಆದ್ರೆ ನೀರಲ್ಲಿ ನಿಲ್ತಾರೆ.

ಹುಬ್ಳಿ_ಫಿಸಿಯೋ

ಭಾಳ ಚಲೋ. ಸೊಂಟದ ತನಕ ನೀರಿದ್ರ ಮೈ ಭಾರ ಹತ್ರಹತ್ರ ಅರ್ಧ ಆಗ್ತೈತಿ, ಎದಿ ತನಕ ಇದ್ರ ಇನ್ನೂ ಕಮ್ಮಿ. ಈಜೂದ ಬ್ಯಾಡ, ಕಂಬಿ ಹಿಡ್ಕೊಂಡು ಮುಂದ ಹಿಂದ ನಡೆದ್ರ ಸಾಕು. ಒದ್ದಿ ಮೆಟ್ಲ ಮ್ಯಾಲೆ ಜಾರದಂಗ ಕೈ ಹಿಡೀರಿ, ಎಷ್ಟೋ ಮಂದಿ ನೀರಿನ್ಯಾಗ ಚಲೋ ಮಾಡಿ ದಂಡಿಗೆ ಬಂದು ಬೀಳ್ತಾರ.

ಸೈಲೆಂಟ್_ರೀಡರ್_ಬೆಂಗಳೂರು

ಅಪ್ಪ ಮಂಡಿ ಮಡಚಿದಾಗ ಕಟ ಕಟ ಸದ್ದು ಬರುತ್ತೆ, ಅದಕ್ಕೇ ಹೆದರಿ ಕುರ್ಚಿ ವ್ಯಾಯಾಮ ಮಾಡ್ತಿಲ್ಲ. ನೀ ಕ್ಯಾಪ್ ಅಂತೂ ರಾತ್ರಿನೂ ಬಿಚ್ಚಲ್ಲ.

ಹುಬ್ಳಿ_ಫಿಸಿಯೋ

ನೋವು, ಊತ ಇಲ್ಲದ ಬರೀ ಸದ್ದಿಗೆ ಕಿವಿ ಮುಚ್ಕೊಳ್ರಿ. ನನ್ನ ಮೊಣಕಾಲೂ ಸದ್ದು ಮಾಡ್ತೈತಿ. ಕ್ಯಾಪ್ ಹಗಲು ನಡಿಯುವಾಗ ಧೈರ್ಯಕ್ಕ ಬೇಕಂದ್ರ ಇರಲಿ, ರಾತ್ರಿ ಬಿಚ್ಚಿಸ್ರಿ.

ಸರಸ್ವತಿಪುರಂ_ಟೀಚರ್

(ಯುಗಾದಿ ಆಗಿ ಎರಡು ವಾರ) ವರದಿ ಒಪ್ಪಿಸ್ತಿದೀನಿ. ಊತ ಹೋಗಿದೆ. ಒಂದು ಹಳೇ ಹಾಜರಿ ಪುಸ್ತಕದಲ್ಲಿ ದಿನಾ ಬೆಳಗ್ಗೆ ನೋವಿನ ನಂಬರ್ ಬರೀತೀನಿ, ಶುರುವಲ್ಲಿ 5 ಇತ್ತು, ಈಗ 3. ಕುರ್ಚಿ ಪರೀಕ್ಷೆ 9. ನಡುವೆ ಒಂದು ಯಡವಟ್ಟು ಮಾಡ್ಕೊಂಡೆ, ಹಬ್ಬಕ್ಕೆ ದೊಡ್ಡ ರಂಗೋಲಿ ಅಂತ ಮುಕ್ಕಾಲು ಗಂಟೆ ಕುಕ್ಕರುಗಾಲಲ್ಲಿ ಕೂತೆ, ಮಾರನೇ ದಿನ 6. ಬಿಡಲಿಲ್ಲ, ಅರ್ಧ ಮಾಡ್ದೆ, ಮೂರು ದಿನಕ್ಕೆ ಮತ್ತೆ ಸರಿ. ಈಗ ರಂಗೋಲಿ ಮೊಮ್ಮಗಳ ಖಾತೆ, ನಾನು ಸ್ಟೂಲ್ ಮೇಲೆ ಕೂತು ಚುಕ್ಕಿ ತಪ್ಪು ಹಿಡೀತೀನಿ. ದೇವರ ಮನೇಲೂ ಕುರ್ಚಿ ಬಂತು, ವಾರಗಿತ್ತಿ ಒಂದು ವಾರ ಮುಖ ಗಂಟಿಕ್ಕಿಕೊಂಡಿದ್ಲು, ಮೊನ್ನೆ ನಾನಿಲ್ಲದಾಗ ಅದೇ ಕುರ್ಚಿ ಮೇಲೆ ಕೂತು ಲಲಿತಾ ಸಹಸ್ರನಾಮ ಹೇಳ್ತಿದ್ಲಂತೆ.

ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೀತೀನಿ, ಪೂರ್ತಿ ಸುತ್ತಲ್ಲ, ಬೆಂಚು ಸಿಕ್ಕಿದ ಕಡೆ ಕೂತು ಕೊಕ್ಕರೆ ನೋಡಿ ವಾಪಸ್. ಬೆಟ್ಟದ ವಿಷಯಕ್ಕೆ ಬರೋಣ. ಆಷಾಢಕ್ಕೆ ಏನು ಅಪ್ಪಣೆ?

ಹುಬ್ಳಿ_ಫಿಸಿಯೋ

ಸಾವಿರ ಮೆಟ್ಲ ಒಮ್ಮೆಲೆ ಅಂದ್ರ ಮತ್ತ ರಥಸಪ್ತಮಿನ ಆಗೂದು. ಮೆಟ್ಲ ಏರುವಾಗ ಮೊಣಕಾಲಿನ ಮ್ಯಾಲೆ ಮೈ ತೂಕದ ಮೂರು ಪಟ್ಟು, ಇಳಿಯುವಾಗ ಮೂರೂವರೆ ಪಟ್ಟಿನ ಹತ್ರ ಭಾರ ಬೀಳತೈತಿ. ಇಳಿಯೂದನ್ನ ಈ ವರ್ಷ ಮರತಬಿಡ್ರಿ. ಮನಿ ಮೆಟ್ಲ ಮ್ಯಾಲೆ ಕಂಬಿ ಹಿಡ್ಕೊಂಡು ರೂಢಿ ಮಾಡ್ರಿ. ಏರುವಾಗ ಚಲೋ ಕಾಲು ಮುಂದ, ಇಳಿಯುವಾಗ ನೋವಿನ ಕಾಲು ಮುಂದ. ನಾವು ಪೇಷಂಟ್‌ಗೆ ಹೇಳೂದು, ಒಳ್ಳೇದು ಸ್ವರ್ಗಕ್ಕ, ಕೆಟ್ಟದ್ದು ಪಾತಾಳಕ್ಕ.

ಕೋಪನ್‌ಹೇಗನ್_ಕನ್ನಡತಿ

ಟೀಚರ್, ನಂದಿ ಹತ್ರ ಗಾಡಿ ರಸ್ತೆ ಬರುತ್ತಲ್ವಾ? ಅದು ಸುಮಾರು 700ನೇ ಮೆಟ್ಟಿಲು. ಅಲ್ಲಿಂದ ಮೇಲಿನ 300 ಮಾತ್ರ ಹತ್ತಿ!

ಸರಸ್ವತಿಪುರಂ_ಟೀಚರ್

(ಆಷಾಢ) ಹೋಗ್ಬಂದೆ! ಶುಕ್ರವಾರದ ನೂಕುನುಗ್ಗಲು ಬೇಡ ಅಂತ ಒಂದು ಬುಧವಾರ ಬೆಳಗ್ಗೆ ಆರಕ್ಕೆ ಮಗ ನಂದಿ ಹತ್ರ ಬಿಟ್ಟ. ಎಡಗೈಲಿ ಕೋಲು. ಮೂವತ್ತು ಮೂವತ್ತು ಮೆಟ್ಟಿಲಿಗೆ ನಿಂತೆ, ಹಿಂದೆಲ್ಲ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಕೊಂಡು ಬಗ್ಗಿ ಬಗ್ಗಿ ಹತ್ತುತಿದ್ದೆ, ಈ ಸಲ ಮೊದಲನೇದಕ್ಕೊಂದು ಕೊನೇದಕ್ಕೊಂದು. ಒಬ್ಬ ಹುಡುಗ "ಅಜ್ಜಿ ಕೈ ಹಿಡೀಲಾ" ಅಂದ, ಬೇಡಪ್ಪ ಅಂದೆ, ಅಜ್ಜಿ ಅಂದಿದ್ದಕ್ಕೆ ಸ್ವಲ್ಪ ಸಿಟ್ಟೂ ಬಂತು. ದರ್ಶನ ಆಯ್ತು, ಬಸ್ಸಲ್ಲಿ ಇಳಿದೆ. ಹತ್ತುವಾಗ ನೋವು 4 ಮುಟ್ಟಿತ್ತು. ಗುರುವಾರ ಬೆಳಗ್ಗೆ ಹಾಸಿಗೆ ಮೇಲೇ ಕೂತು ಮಂಡಿ ಮುಟ್ಟಿ ನೋಡ್ಕೊಂಡೆ, ಊತ ಇಲ್ಲ, ಹಾಜರಿ ಪುಸ್ತಕದಲ್ಲಿ 2 ಅಂತ ಬರೆದೆ. ಕುರ್ಚಿ ಪರೀಕ್ಷೆ ಈಗ 12.

ಹುಬ್ಳಿ_ಫಿಸಿಯೋ

ಶಭಾಷ್ ಟೀಚರ್! ಈ ವಾರ ಹಗುರ ಮಾಡ್ರಿ, ಬಿಡಬ್ಯಾಡ್ರಿ. ತಮ್ಮಾ ಮದ್ದೂರು, ಅವ್ವಾರದು ಹೆಂಗೈತಿ?

ಮದ್ದೂರ್_ಹುಡ್ಗ

ರಾಗಿ ಚೀಲ ಒಂದು ಕೆಜಿಗೆ ಬಂದದೆ ಅಕ್ಕ. ಹಸನೂ ಸ್ಟೂಲಿಗೆ ಒಗ್ಗೋಗದೆ, ಈಗ ನಾನು ಕರೆಯಕ್ಕೆ ಕುಕ್ಕರುಗಾಲಲ್ಲಿ ಕೂತ್ರೆ ನಂಗೇ ಒದೀತದೆ.